ವಿಮಾನ ನಿಲ್ದಾಣಕ್ಕೆ ಹೋದ ಕೌದಿ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಲು ಇಟ್ಟು ಹಿತ್ತಲ ಬಾಗಿಲು ತೆಗೆದೆ. ಸೂಸಲಕ್ಕೆಂದು ಮಂಡಕ್ಕಿ ತೋಯಿಸಿ ಹಿಂಡಿಟ್ಟಿದ್ದೆ. ನಳ ಬರುವ ದಿನವಾದ್ದರಿಂದ ಕೊಡಗಳನ್ನು ಹೊರಗಿಟ್ಟು, ಉಳ್ಳಾಗಡ್ಡಿ ಹೆಚ್ಚುತ್ತ, ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಕಟ್ಟೆಯತ್ತ ನೋಡಿದೆ. ನೋಡಲು ಅಲ್ಲೇನೂ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಆ ಕಟ್ಟೆ ಖಾಲಿಯೇ. ಆದರೂ ಇಷ್ಟು ವರ್ಷಗಳ ರೂಢಿ ಬಿಡುವುದಿಲ್ಲ. ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿ ಒಬ್ಬರು ಕಾಲು ಚಾಚಿ ಕೂತು, ತೊಡೆಯ ಮೇಲೆ ಬಟ್ಟೆಯ ರಾಶಿ ಹರವಿಕೊಂಡು, ಸೂಜಿಗೆ ದಾರ ಪೋಣಿಸಲಾಗದೆ ದಾರವನ್ನೇ ಬಯ್ಯುತ್ತಿರಬೇಕು.

ಒಗ್ಗರಣೆಗೆ ಸಾಸಿವೆ ಹಾಕುವಾಗ ಫೋನು ಬಂತು. ಬ್ಯಾಡಗಿಯಿಂದ, ಆ ಕಟ್ಟೆಯವರ ತಮ್ಮನ ಸೊಸೆ.

"ಅತ್ತಿಯವರು ಹೋದ್ರುರಿ. ಚಾ ಕೇಳಿದ್ರು. ಮಾಡಿ ತರೂದ್ರಾಗ ಕುಂತಲ್ಲೇ..."

ಒಲೆ ಆರಿಸಿದೆ. ಮಂಡಕ್ಕಿ ಬುಟ್ಟಿಯಲ್ಲಿ ಹಾಗೇ ಉಳಿಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಚಿಕ್ಕವರಿಗೆ, ದೊಡ್ಡವರಿಗೆ, ಹಾಲಿನವನಿಗೆ, ಎಲ್ಲರಿಗೂ ಅವರು ಅಕ್ಕಾರು. ಹುಟ್ಟಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿ, ಕೊಟ್ಟದ್ದು ರಾಣೆಬೆನ್ನೂರಿನ ಬೀಜದಂಗಡಿಗೆ. ಗಂಡ ಬೇಗ ತೀರಿಕೊಂಡ ಮೇಲೆ ಅಂಗಡಿಯ ಗಾದಿಯ ಮೇಲೆ ತಾವೇ ಕೂತು, ರೈತರೊಡನೆ ಜೋರುಮಾಡಿ, ನಕ್ಕು, ಚಹ ಕುಡಿಸಿ ಬಹಳ ವರ್ಷ ವ್ಯಾಪಾರ ನಡೆಸಿದವರು. ಆಮೇಲೆ ಅಂಗಡಿಯನ್ನು ಮೈದುನನ ಮಗನಿಗೆ ವಹಿಸಿ, ಹಳೆಯ ಸೀರೆ ಸೇರಿಸಿ ಹೊದೆಯುವ ಕೌದಿ ಹೊಲಿಯುತ್ತ ಕೂತರು. ಮೆತ್ತಗಿನ ಹೆಂಗಸು ಎಂದು ಅವರನ್ನು ಯಾರೂ ಅನ್ನಲಾರರು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು.

ನನ್ನನ್ನು ಅವರು "ಕಾನ್ವೆಂಟ್" ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ, ಹಾವೇರಿಯ ಸಿಸ್ಟರುಗಳ ಶಾಲೆಯಲ್ಲಿ ಕಲಿತವಳು ಎಂದು ಯಾರೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಸಿಸ್ಟರುಗಳು ನಮಗೆ ಕರವಸ್ತ್ರದ ಅಂಚಿಗೆ ಸಣ್ಣ ಸಣ್ಣ ಹೂ ಹಾಕುವುದನ್ನು ಕಲಿಸಿದ್ದರು. ಅಂಥದೊಂದನ್ನು ಹೆಮ್ಮೆಯಿಂದ ತೋರಿಸಿದೆ. ಅಕ್ಕಾರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚಂದ ಐತಿ ಬಿಡು. ಆದ್ರ ಮೂಗ ಒರಸಾಕ ಇಷ್ಟ ಹೂವ ಯಾಕ ಬೇಕು?" ಅಂದರು. ನನಗೆ ಅಳು ಬಂದಂತಾಯಿತು. ಮರುಕ್ಷಣ ಆ ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನನಗಿರ್ಲಿ" ಎಂದು ಹೊರಟೇ ಹೋದರು.

ಹರಿದ ಬಟ್ಟೆಯ ಮೇಲೆ ಅವರಿಗೆ ಎಂಥ ಆಸೆ ಎಂದರೆ, ಬಟ್ಟೆ ಹರಿಯುವವರೆಗೂ ಕಾಯುವ ತಾಳ್ಮೆ ಇರಲಿಲ್ಲ. ಎದುರಿಗೆ ನಿಂತು ಮಾತಾಡುತ್ತ ನಮ್ಮ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡುವರು.

"ಇದು ಯಾವಾಗ ಹರೀತೈತಿ?"

"ಅಕ್ಕಾರ, ಮೊನ್ನೆ ತಗೊಂಡಿದ್ದುರಿ!"

"ಆತು ಬಿಡವಾ, ಅವಸರ ಇಲ್ಲ. ಆದ್ರ ಬಾಂಡೆ ತಿಕ್ಕುವಾಗನೂ ಇದನ್ನ ಉಟ್ಕೋ, ಲಗೂ ಹರೀತೈತಿ."

ಓಣಿಯ ಹೆಂಗಸರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಕ್ಕವರೇ ಹಳೆಯ ಸೀರೆಗಳನ್ನು ಮಡಚಿ ಅವರ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದರು. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವವನು ಓಣಿಗೆ ಬಂದು ಕೂಗಿದರೂ ಯಾರೂ ಹೊರಗೆ ಬಾರದಂತಾಗಿತ್ತು.

ಹಾವೇರಿಯಲ್ಲಿ ನಮ್ಮ ಅವ್ವ ತೀರಿಕೊಂಡಾಗ ಅಕ್ಕಾರು ಬಂದು ನನ್ನ ಪಕ್ಕ ಸುಮ್ಮನೆ ಕೂತಿದ್ದರು. ಹೊರಡುವಾಗ ನನ್ನನ್ನು ಬಾಗಿಲ ಹಿಂದೆ ಕರೆದು, "ನಿಮ್ಮವ್ವ ಮನ್ಯಾಗ ಉಡತಿದ್ದ ಸೀರಿ ಒಂದು ಕೊಡು. ಪೆಟ್ಟಿಗ್ಯಾಗಿಂದು ಬ್ಯಾಡ, ದಿನಾ ಉಡೂದು" ಅಂದರು. ನಮ್ಮ ಚಿಕ್ಕಮ್ಮಂದಿರು ಮುಖ ಮುಖ ನೋಡಿಕೊಂಡರು. ಅವ್ವನ ಕಾಫಿ ಬಣ್ಣದ, ಸಾಸಿವೆ ಅಂಚಿನ ಸೀರೆ ಹಗ್ಗದ ಮೇಲೆ ಇನ್ನೂ ಹಾಗೇ ಇತ್ತು. ಅದನ್ನೇ ಕೊಟ್ಟೆ. ಅವರು ಮೂಸಿ ನೋಡಿ, "ಒಗ್ಗರಣಿ ವಾಸನಿ ಐತಿ" ಎಂದು ಕೈಚೀಲದೊಳಗೆ ಇಟ್ಟುಕೊಂಡರು. ಆ ದಿನ ಯಾರೂ ಹೇಳದ ಸಮಾಧಾನ ಅದರಲ್ಲಿತ್ತು ಎಂದು ನನಗೆ ಆಮೇಲೆ ಹೊಳೆಯಿತು.

ಕೌದಿ ಹೊಲಿಯುವುದರಲ್ಲಿ ಅವರದೊಂದು ಪದ್ಧತಿ ಇತ್ತು, ತವರುಮನೆಯಿಂದ ತಂದದ್ದು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತು ಸುತ್ತಿ ನಡುವಿಗೆ ಬಂದ ಮೇಲೂ ಒಂದು ಮೂಲೆಯನ್ನು ಜೇಬಿನಂತೆ ತೆರೆದೇ ಇಡುವರು. ಕೊನೆಯ ದಿನ ಹೋಳಿಗೆ ಮಾಡಿ, ಉಗುರಿನಷ್ಟು ತುಣುಕನ್ನು ಆ ಮೂಲೆಯೊಳಗಿಟ್ಟು, ಮೇಲೆ ಒಂದು ತ್ರಿಕೋನದ ತೇಪೆ ಹಚ್ಚಿ ಮುಚ್ಚುವರು. ಅದಕ್ಕೆ ಅವರು ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಅದೂ ಎಲ್ಲೆಂದರಲ್ಲಿ ಅಲ್ಲ. ಕೌದಿ ಯಾರ ಮನೆಯಲ್ಲಿ ಇರುವುದೋ ಅವರ ಮನೆಗೇ ಹೋಗಿ ಮುಚ್ಚಿ ಬರಬೇಕು. ಮೊದಲ ಸಲ ನೋಡಿದಾಗ ನಾನು ಕಾನ್ವೆಂಟಿನವಳಂತೆಯೇ ಕೇಳಿದ್ದೆ.

"ಇರುವಿ ಬರೂದಿಲ್ಲೇನ್ರಿ ಅಕ್ಕಾರ?"

"ಬರ್ತಾವು. ಬಂದು ತಿಂದು ಹೋಕ್ಕಾವು. ಎರಡು ಬಿಸಿಲು ಕಾಸಿದ್ರ ಮುಗೀತು. ಹಸದ ಕೌದಿ ಹೊಚಗೊಂಡವ್ರಿಗೆ ನಿದ್ದಿ ಹತ್ತೂದಿಲ್ಲ ನೋಡು. ರಾತ್ರಿಪೂರಾ ಅದು ಕಾಲ ಎಳೀತೈತಿ."

ಹೇಳುವಾಗ ಮುಖದಲ್ಲಿ ನಗುವೂ ಇತ್ತು, ನಂಬಿಕೆಯೂ ಇತ್ತು. ಯಾವುದು ಎಷ್ಟು ಎಂದು ನನಗೆ ಎಂದೂ ತಿಳಿಯಲಿಲ್ಲ.

ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದದ್ದು ಅವರು ದೊಡ್ಡದೊಂದು ಕೌದಿ ಹೊಲಿದು ಮುಗಿಸುತ್ತಿದ್ದಾಗ. ಇಡೀ ಓಣಿಯ ಸೀರೆ ಅದರಲ್ಲಿತ್ತು. ಅವ್ವನ ಸೀರೆಯೂ ಇತ್ತು. ಯಾರಿಗೆ ಇದು ಎಂದು ಕೇಳಿದರೆ, "ಹೊಲದು ಮುಗದ ಮ್ಯಾಲ ಅದ ಹೇಳತೈತಿ" ಎನ್ನುತ್ತಿದ್ದರು. ಆ ಹುಡುಗಿ ಒಂದು ಕಲಾ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ವಿಮಾನ ನಿಲ್ದಾಣವೊಂದರಲ್ಲಿ ನಮ್ಮ ರಾಜ್ಯದ ಹಳೆಯ ಕಲೆಗಳದ್ದೇ ಒಂದು ದೊಡ್ಡ ಗೋಡೆ ಮಾಡುತ್ತಿದ್ದಾರಂತೆ. ತೊಗಲುಗೊಂಬೆ, ಲಂಬಾಣಿ ಕಸೂತಿ, ಮರದ ಕೆತ್ತನೆ ಎಲ್ಲ ಸಿಕ್ಕಿವೆ, ಒಂದು ಒಳ್ಳೆಯ ಕೌದಿ ಬೇಕು. ಯಾರೋ ಅಕ್ಕಾರನ್ನು ತೋರಿಸಿದ್ದರು. ಅವಳಿಗೆ ಕನ್ನಡ ಬಾರದಿದ್ದರೆ ಇರಲಿ ಎಂದು ಅಕ್ಕಾರು ನನ್ನನ್ನು ಕೂಗಿದರು. "ಏ ಕಾನ್ವೆಂಟ್, ಬಾ ಇಲ್ಲಿ. ನಿನ್ನ ಇಂಗ್ಲಿಷ್ ಹೊರಗ ತಗಿ."

ಹುಡುಗಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನೆಲದ ಮೇಲೆ ಕೂತು, ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಕಣ್ಣಲ್ಲಿ ನಿಜವಾದ ಆಸೆ ಇತ್ತು.

"ದಿನಾ ಎಷ್ಟೊಂದು ಜನ ಬರ್ತಾರೆ ಗೊತ್ತಾ ಆಂಟಿ? ಗಂಟೆಗಟ್ಟಲೆ ಅಲ್ಲೇ ಕಾಯ್ತಾರೆ. ಎಲ್ಲರಿಗೂ ನಿಮ್ಮ ಕೌದಿ."

"ಅಲ್ಲಿ ಥಂಡಿ ಬಾಳಂತಲ್ಲ?"

"ತುಂಬಾ. ಎ.ಸಿ. ಅಲ್ವಾ."

"ಹಂಗಾರ ಒಯ್ಯಿ. ಯಾರದು ಅಂತ ಕೇಳತಿದ್ರಲ್ಲ, ಈಗ ಗೊತ್ತಾತು."

ಪ್ರಯಾಣಿಕರು ಹೊದ್ದುಕೊಳ್ಳಲು ಒಯ್ಯುತ್ತಿದ್ದಾರೆ ಎಂದೇ ಅವರು ತಿಳಿದದ್ದು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮುದುಡಿ ಮಲಗಿದವರನ್ನು ನೋಡಿದ ಹೆಂಗಸಿಗೆ ಬೇರೆ ಏನು ತಾನೇ ತೋರೀತು? ಅಳತೆ ತೆಗೆದುಕೊಳ್ಳುತ್ತ ಹುಡುಗಿ ಗೋಡೆ, ಗಾಜು, ದೀಪ ಎಂದು ವಿವರಿಸತೊಡಗಿದಾಗಲೇ ಅವರ ಕೈ ನಿಂತದ್ದು.

"ಗ್ವಾಡಿಗೆ ಹಾಕ್ತೀರಿ?"

"ಹೌದು ಆಂಟಿ."

"ಗ್ವಾಡಿಗೇನು ಥಂಡಿ ಹತ್ತತೈತೇನ?"

ಹುಡುಗಿ ನಕ್ಕಳು. ನಾನೂ ನಕ್ಕೆ. ಅಕ್ಕಾರು ನಗಲಿಲ್ಲ. ಆದರೆ ಒಯ್ಯಿ ಎಂದು ಬಾಯಿಬಿಟ್ಟು ಹೇಳಿಯಾಗಿತ್ತು. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಿದವರು, ಕೊಟ್ಟ ಮಾತು ತಿರುಗಿಸುವುದು ಅವರಿಗೆ ಗೊತ್ತಿರಲಿಲ್ಲ. ಒಂದೇ ಕರಾರು ಹಾಕಿದರು. ಮೂಲೆಯನ್ನು ತೆರೆದೇ ಕೊಡುತ್ತೇನೆ, ಕೌದಿಯನ್ನು ಅದರ ಜಾಗದಲ್ಲಿ ಇಟ್ಟ ದಿನ ನನಗೆ ಹೇಳಿ ಕಳಿಸಬೇಕು, ಬಂದು ಹೊಟ್ಟೆ ತುಂಬಿಸಿ ಮುಚ್ಚುತ್ತೇನೆ. ತಿನ್ನುವ ಪದಾರ್ಥ ಒಳಗಿಟ್ಟರೆ ಹುಳು ಬೀಳುತ್ತದೆ ಎಂದು ಹುಡುಗಿ ಮೆಲ್ಲಗೆ ಹೇಳಿ ನೋಡಿದಳು. ಅಕ್ಕಾರು, "ನಿನ್ನ ಹೊಟ್ಯಾಗ ಹುಳ ಬೀಳತಾವು ಅಂತ ಉಣ್ಣೂದ ಬಿಡತೀ ಏನ?" ಅಂದರು. ಕೊನೆಗೆ ಆಕೆ, "ಆಯ್ತು ಆಂಟಿ, ಉದ್ಘಾಟನೆಗೆ ಖಂಡಿತ ಕರೀತೀವಿ" ಎಂದು ಕೌದಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದಳು. ಸುಳ್ಳು ಹೇಳುವ ಹುಡುಗಿಯಲ್ಲ. ಈಗಲೂ ನನಗೆ ಹಾಗೆಯೇ ಅನಿಸುತ್ತದೆ.

ಕರೆ ಬರಲಿಲ್ಲ. ಅಕ್ಕಾರು ಮೊದಮೊದಲು ದಿನವೂ, ಆಮೇಲೆ ಹಬ್ಬಕ್ಕೊಮ್ಮೆ, ಕಂಪೌಂಡಿನ ಆಚೆಯಿಂದ ಕೇಳುವರು. "ಫೋನ್ ಬಂತೇನ ಕಾನ್ವೆಂಟ್?" ಕೊನೆಗೆ ನಾನೇ ಫೋನು ಮಾಡಿದೆ. ಹುಡುಗಿ ಆ ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದಳು. ಫೋನು ಎತ್ತಿದವರು ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ, ಉದ್ಘಾಟನೆ ಆಗಿಹೋಗಿದೆ, ಗೋಡೆಯನ್ನು ಎಲ್ಲರೂ ಮೆಚ್ಚಿದ್ದಾರೆ ಎಂದರು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಅಕ್ಕಾರು ಸ್ವಲ್ಪ ಹೊತ್ತು ಕಟ್ಟೆಯ ಮೇಲಿನ ದಾರದ ತುಂಡುಗಳನ್ನು ಆರಿಸಿದರು. ಆಮೇಲೆ, "ಲಗ್ನಕ್ಕ ಕರೀಲಿಲ್ಲಂದ್ರ ಏನಾತು, ಮನಿ ಗೊತ್ತೈತಲ್ಲ. ನಡಿ, ನಾವ ಹೋಗೂಣು" ಅಂದರು.

ನಮ್ಮ ಕಾರಿನಲ್ಲೇ ಹೊರಟೆವು. ಯಜಮಾನರಿಗೆ ವಿಮಾನ ನಿಲ್ದಾಣವಿದ್ದ ಊರಿನಲ್ಲಿ ಬೇರೆ ಕೆಲಸವೂ ಇತ್ತು. ಅಕ್ಕಾರು ಇಳಕಲ್ ಸೀರೆ ಉಟ್ಟು, ಸ್ಟೀಲಿನ ಡಬ್ಬಿಯ ತುಂಬ ಹೋಳಿಗೆ ತುಂಬಿಕೊಂಡು, ಸೆರಗಿಗೆ ಸೂಜಿ ಚುಚ್ಚಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಮಾತು. ಗೋಡೆಯ ಮೇಲಿದ್ದರೆ ಏಣಿ ಕೇಳಬೇಕು, ನೀನು ಏಣಿ ಹಿಡಿ, ನಿನ್ನ ಗಂಡ ಡಬ್ಬಿ ಹಿಡಿಯಲಿ ಎಂದು ಕೆಲಸವನ್ನೂ ಹಂಚಿದರು. ಟಿಕೇಟಿಲ್ಲದವರನ್ನು ಒಳಗೆ ಬಿಡುವುದು ಕಷ್ಟ ಎಂದು ಯಜಮಾನರು ಅಂದರೂ, ಕೇಳಿದರೆ ಬಿಟ್ಟಾರು ಎಂಬ ಆಸೆ ನಮಗೂ ಇತ್ತು.

ಬಾಗಿಲಲ್ಲಿ ಬಂದೂಕು ಹಿಡಿದ ಒಬ್ಬ ನಿಂತಿದ್ದ. ಪುಣ್ಯಕ್ಕೆ ನಮ್ಮ ಕಡೆಯ ಮಾತಿನವನೇ.

"ಟಿಕೇಟ್ ತೋರಸ್ರಿ ಅಮ್ಮಾರ."

"ನಾ ಎಲ್ಲೀಗೂ ಹೋಗಾಕಿ ಅಲ್ಲಪಾ. ಒಳಗ ನನ್ನ ಕೌದಿ ಐತಿ. ಒಂದು ಮೂಲಿ ಹೊಲದು ಬಂದ್‌ಬಿಡತೇನಿ."

"ಏನ ಹೊಲೀತೀರಿ?"

"ಕೌದಿ! ನಿಮ್ಮ ಮನ್ಯಾಗ ಕೌದಿ ಇಲ್ಲೇನ?"

"ಅದಾವ್ರಿ. ನಮ್ಮ ಆಯಿ ಹೊಲದಿದ್ದು."

"ಹೊಟ್ಟಿ ತುಂಬಿಸಿ ಹೊಲದಾಳ?"

ಅವನು ಗಲಿಬಿಲಿಗೊಂಡು ಯಜಮಾನರ ಮುಖ ನೋಡಿದ. ಅವರು ಎಲ್ಲವನ್ನೂ ವಿವರಿಸಿದರು. ಪಾಪ, ಒಳ್ಳೆಯವನು. ಒಳಗೆ ಯಾರಿಗೋ ಫೋನು ಮಾಡಿ ಕೇಳಿದ. ಆ ಗೋಡೆ ತಪಾಸಣೆ ದಾಟಿದ ಮೇಲೆ, ವಿಮಾನಕ್ಕೆ ಕಾಯುವ ಜಾಗದಲ್ಲಿ ಇದೆಯಂತೆ. ಅಲ್ಲಿಗೆ ಟಿಕೇಟಿಲ್ಲದೆ ಯಾರೂ ಹೋಗುವಂತಿಲ್ಲ. "ನನ್ನ ನೌಕರಿ ಹೋಕ್ಕೈತ್ರಿ ಅಮ್ಮಾರ" ಎಂದು ಕೈ ಮುಗಿದ.

ಅಕ್ಕಾರು ವಾದ ಮಾಡಲಿಲ್ಲ. ನಾನು ಅವರನ್ನು ವಾದ ಮಾಡದೆ ಕಂಡದ್ದು ಅದೇ ಮೊದಲು. ಬಾಗಿಲ ಪಕ್ಕದ ದೊಡ್ಡ ಗಾಜಿನ ಹತ್ತಿರ ಹೋಗಿ, ಎರಡೂ ಅಂಗೈ ಹುಬ್ಬಿಗೆ ಹಿಡಿದು, ಹಣೆ ಗಾಜಿಗೆ ತಾಗುವಂತೆ ನಿಂತು ನೋಡಿದರು.

"ಏನರ ಕಾಣತೈತೇನ್ರಿ?" ಎಂದೆ.

"ನನ್ನ ಮಾರಿ ಕಾಣತೈತಿ."

ತಿರುಗಿ ಬರುವಾಗ, ಮುಂದಿನ ಸಲ ಟಿಕೇಟು ತೆಗೆಸಿಯೇ ಕರೆದುಕೊಂಡು ಹೋಗುತ್ತೇವೆ, ವಿಮಾನವನ್ನೂ ಹತ್ತಿದಂತಾಯಿತು ಎಂದು ಯಜಮಾನರು ಸಮಾಧಾನ ಹೇಳಿದರು. ಅಕ್ಕಾರಿಗೆ ಸಿಟ್ಟು ಬಂತು. "ಕದರಮಂಡಲಗಿ ಹಣಮಪ್ಪನ ಗುಡಿಗೆ ಹೋಗಬೇಕಂದ್ರ ಮೊದಲ ಕಾಶಿಗೆ ಟಿಕೇಟ್ ತಗಸು ಅಂದಂಗಾತಲ್ಲೋ ತಮ್ಮಾ! ನಾ ದಿಲ್ಲಿಗೆ ಹೋಗಿ ಏನ ಮಾಡಲಿ?" ಹೋಳಿಗೆಯ ಡಬ್ಬಿ ಮುಚ್ಚಿದಂತೆಯೇ ಮನೆಗೆ ಬಂತು. ಓಣಿಯಲ್ಲಿ ಹಂಚಿದರು. ತಾವು ಮಾತ್ರ ತಿನ್ನಲಿಲ್ಲ.

ಹೀಗಾಗಿ, ಅವರ ಕೌದಿಯನ್ನು ನೋಡಿದವಳು ನಾನು. ಯಜಮಾನರ ಅಣ್ಣನ ಮಗಳ ಮದುವೆಗೆ ನಾವು ಅದೇ ನಿಲ್ದಾಣದಿಂದ ದಿಲ್ಲಿಗೆ ಹೋಗಬೇಕಾಯಿತು. ಅಷ್ಟರಲ್ಲಿ ಅಕ್ಕಾರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ದೂರದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. ಆದರೂ ನಾನು ಕೇಳಿದೆ. "ಬರ್ರಿ ಅಕ್ಕಾರ, ನಾವಿರತೇವಿ." ಅವರು ಎದೆಯ ಮೇಲೆ ಕೈ ಇಟ್ಟು ತೋರಿಸಿ, "ಇದು ಬ್ಯಾಡ ಅಂತೈತಿ" ಅಂದರು. ಹೊರಡುವ ಹಿಂದಿನ ದಿನ ಒಣಗಿಸಿದ ಹೋಳಿಗೆಯ ತುಣುಕನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಆದ್ರ ಮಾಡು. ಆಗಲಿಲ್ಲಂದ್ರ ಆಗಲಿಲ್ಲ ಅಂತ ಬಂದು ಹೇಳು."

ಆ ಗೋಡೆ ನಿಜಕ್ಕೂ ಚೆಂದವಿತ್ತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತೊಗಲುಗೊಂಬೆಗಳ ಹಿಂದಿನಿಂದ ಬೆಳಕು ಬಿಟ್ಟಿದ್ದರು. ಲಂಬಾಣಿ ಕನ್ನಡಿಗಳು ಅಲ್ಲಲ್ಲಿ ಮಿನುಗುತ್ತಿದ್ದವು. ನಟ್ಟನಡುವೆ ನಮ್ಮ ಓಣಿಯ ಕೌದಿ. ಎಂದೂ ಅಷ್ಟು ದೂರ ನಿಂತು ಅದನ್ನು ನೋಡಿರಲಿಲ್ಲ. ಕಟ್ಟೆಯ ಮೇಲೆ ಬರೀ ತೇಪೆಯಂತೆ ಕಂಡದ್ದು ಅಲ್ಲಿ ಮಡಿ ಮಡಿಯಾದ ಹೊಲದಂತೆ ಕಾಣುತ್ತಿತ್ತು. ಅವ್ವನ ಕಾಫಿ ಬಣ್ಣದ ತುಂಡು ಸಿಕ್ಕಿತು, ಸಾಸಿವೆ ಅಂಚೂ ಸಿಕ್ಕಿತು. ಕಣ್ಣು ಒರೆಸಿಕೊಂಡು ಮೂಲೆ ಹುಡುಕಿದೆ. ಮೂಲೆ ಮುಚ್ಚಿತ್ತು. ಬೇರೊಂದು ಬಟ್ಟೆಯ ತ್ರಿಕೋನ ಹಚ್ಚಿ, ಮಶೀನಿನಲ್ಲಿ ಅಂಚು ತಪ್ಪದಂತೆ ಹೊಲಿದಿದ್ದರು. ಮುಂದೆ ದಪ್ಪ ಗಾಜು. ಕೆಳಗಿನ ಫಲಕದಲ್ಲಿ, ಉತ್ತರ ಕರ್ನಾಟಕದ ಗ್ರಾಮೀಣ ಮಹಿಳೆಯರ ಕೈಕೆಲಸ ಎಂದಿತ್ತು. ಅದರ ಕೆಳಗಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಥಂಡಿಗೆ ದುಪಟ್ಟಾ ಸುತ್ತಿಕೊಂಡು, ಕಾಲು ಮೇಲೆಳೆದುಕೊಂಡು, ನಡುಗುತ್ತ ತೂಕಡಿಸುತ್ತಿದ್ದಳು.

ಬಾಳೆಲೆಯ ಪೊಟ್ಟಣ ನನ್ನ ಪರ್ಸಿನಲ್ಲೇ ದಿಲ್ಲಿಗೆ ಹೋಗಿ ದಿಲ್ಲಿಯಿಂದ ಬಂತು.

ಬಂದ ಮರುದಿನ ಎಲ್ಲವನ್ನೂ ಹೇಳಿದೆ. ಫಲಕದ ಮಾತು ಕೇಳಿ ಅಕ್ಕಾರಿಗೆ ರೇಗಿತು. "ಗ್ರಾಮೀಣ? ನಾ ಯಾವ ಹಳ್ಳ್ಯಾಕಿ? ಬ್ಯಾಡಗಿ ಹಳ್ಳಿ ಏನ? ಇಡೀ ದೇಶಕ್ಕ ಖಾರ ತಿನಿಸಿದ ಊರದು!" ಅಷ್ಟಾದರೂ ಹೆಸರು ಹಾಕಿಸಲೇ ಎಂದು ಕೇಳಿದಾಗ ಬೇಡವೆಂದರು. "ನಂದೊಂದ ಹಾಕಿದ್ರ ಸೀರಿ ಕೊಟ್ಟವ್ರು ಎಲ್ಲಿ ಹೋಗಬೇಕು? ಬರದ್ರ ಓಣಿ ಅಂತ ಬರೀಲಿ."

ಮೂಲೆಯ ಮಾತು ಬಂದಾಗ ಮಾತ್ರ ದನಿ ಇಳಿಯಿತು.

"ಯಾವ ದಾರದ್ಲೆ ಹೊಲದಾರ?"

"ಬಿಳೀದುರಿ. ಮಶೀನ್ ಹೊಲಿಗಿ."

"ಒಳಗ ಏನೂ ಇಟ್ಟಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಅವರು ತೊಡೆಯ ಮೇಲಿದ್ದ ಚಿಕ್ಕ ಕೌದಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಒಂದು ಗಳಿಗೆಯಲ್ಲಿ ಮುಖ ಬೆಳಗಿತು.

"ಹುಚ್ಚಿ ನಾನು. ಮಾನವಮಿಗೆ ಒಗಿಯಾಕ ಇಳಿಸೇ ಇಳಸ್ತಾರಲ್ಲ!"

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದುಂಟು. ನಮ್ಮ ಓಣಿಯವರು ಒಂದು ಗೂಡ್ಸ್ ಆಟೊದಲ್ಲಿ ಕೌದಿ ಹೇರಿಕೊಂಡು ಐರಣಿಗೋ ಕುಮಾರಪಟ್ಟಣದ ಕಡೆಗೋ ಹೋಗುತ್ತೇವೆ. ತುಂಗಭದ್ರೆಯಲ್ಲಿ ನೆನೆದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು ಹಿಂಡಬೇಕು. ಅಕ್ಕಾರು ಬಂಡೆಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದರು. ಮಹಾನವಮಿ ಬಂದರೆ ಕೌದಿ ನೀರು ಕಾಣಲೇಬೇಕು ಎಂಬುದು ಅವರಿಗೆ ಸೂರ್ಯ ಹುಟ್ಟುವಷ್ಟೇ ಸಹಜ. ವಿಮಾನ ನಿಲ್ದಾಣವಾದರೇನು, ಧೂಳು ಕೂರುವುದಿಲ್ಲವೇ?

"ಇಳಿಸಿದ ದಿನ ನಮಗ ಹೇಳ್ರಿ ಅಂತ ಹೇಳು. ಅಲ್ಲೇ ಹೊರಗ ತಂದು ಕೊಡಲಿ. ಮೂಲಿ ಬಿಚ್ಚಿ, ತುಂಬಿಸಿ, ಮತ್ತ ಹೊಲದು ಕೊಡತೇನಿ. ಚಾ ಕುಡಿಯೂವಷ್ಟ ಹೊತ್ತಿನ ಕೆಲಸ."

ಕಲಾ ಸಂಸ್ಥೆಗೆ ಮತ್ತೆ ಫೋನು ಮಾಡಿದೆ. ಗಾಜಿನೊಳಗಿನದನ್ನು ಒಗೆಯುವುದಿಲ್ಲ ಎಂದು ನಕ್ಕರೂ, ಯಾವಾಗಲಾದರೂ ಇಳಿಸುವುದಿದ್ದರೆ ಖಂಡಿತ ತಿಳಿಸುತ್ತೇವೆ, ಬರೆದುಕೊಂಡಿದ್ದೇವೆ ಎಂದರು. ಅಕ್ಕಾರು ಅದರ ಎರಡನೆಯ ಅರ್ಧವನ್ನಷ್ಟೇ ಹಿಡಿದುಕೊಂಡರು.

ಹೋದ ಮಹಾನವಮಿಗೆ ಅವರು ಹೊಳೆಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತು ನಮ್ಮ ಆಟೊ ತುಂಬುವುದನ್ನು ನೋಡಿದರು. "ಇವತ್ತ ಫೋನ್ ಬರಬಹುದು, ನಾ ಮನ್ಯಾಗ ಇರತೇನಿ" ಅಂದರು. ಏದುಸಿರಿನಿಂದ ಬರಲಾಗದ್ದಕ್ಕೆ ಅದೊಂದು ನೆಪವೋ, ಇಲ್ಲ ಖರೇ ಕಾಯುತ್ತಿದ್ದರೋ. ಸಂಜೆ ನಾವು ಹಿಂದಿರುಗುವಾಗ ಬಾಗಿಲ ಮೊಳೆಗೆ ಕೈಚೀಲ ತೂಗಿತ್ತು, ಹೊರಡಲು ಸಿದ್ಧವಾಗಿದ್ದಂತೆ. ದೀಪಾವಳಿ ಆದ ಮೇಲೆ ತಮ್ಮ ಬಂದು ಬ್ಯಾಡಗಿಗೆ ಕರೆದೊಯ್ದ. ಕಾರು ಹತ್ತುವಾಗ ನನ್ನ ಸೆರಗಿನ ತುದಿ ಹಿಡಿದು ತಿಕ್ಕಿ ನೋಡಿದರು. ಯಾವಾಗ ಹರಿಯುತ್ತದೆ ಎಂದು ಕೇಳಲಿಲ್ಲ. "ಫೋನ್ ಬಂದ್ರ ಬ್ಯಾಡಗಿಗೆ ಹಚ್ಚು" ಎಂದಷ್ಟೇ ಅಂದರು.

ನಾವು ಮಣ್ಣಿಗೆ ಹೋದಾಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಊರ ಗಾಳಿಯಲ್ಲೇ ಖಾರ. ಕಾರಿನಿಂದ ಇಳಿದೊಡನೆ ಸೀನು ಶುರುವಾಯಿತು, ಕಣ್ಣಲ್ಲಿ ನೀರು. ಅಂಗಳದಲ್ಲಿ ಕೂತ ಎಲ್ಲರ ಕಣ್ಣೂ ಕೆಂಪಗಿದ್ದವು. ಯಾರದು ಅಳು, ಯಾರದು ಖಾರ ಎಂದು ಹೇಳುವಂತಿರಲಿಲ್ಲ. ಅಕ್ಕಾರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಮೈಮೇಲೆ ಹೊಸ ಶಾಲು, ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಯಾರೂ ನೋಡದಾಗ ಅದನ್ನು ಉಗುರಿನಿಂದ ಕಿತ್ತೆ.

ಒಳಕೋಣೆಯಲ್ಲಿ ಅವರು ಹೊಲಿದ ಕೌದಿಗಳ ಅಟ್ಟಿ ಇತ್ತು. ತಮ್ಮನ ಸೊಸೆ, "ಕಡೀ ದಿನದಾಗನೂ ಕೇಳತಿದ್ರುರಿ, ಕಾನ್ವೆಂಟ್‌ದು ಫೋನ್ ಬಂತೇನು ಅಂತ. ಯಾವ ಶಾಲೀದೋ ಮಾತು ಅಂತ ನಾವು ತಿಳಕೊಂಡಿದ್ವಿ" ಅಂದಳು. ನಾನೇ ಆ ಕಾನ್ವೆಂಟು ಎಂದು ಅವಳಿಗೆ ಹೇಳದೆ, ಮೇಲಿನ ಕೌದಿಯ ಮೂಲೆಯನ್ನು ಮುಟ್ಟಿ ನೋಡಿದೆ. ಅವರು ಬಯಸಿದ್ದು ಎಷ್ಟು ಸಣ್ಣದು! ಕೌದಿ ಒಮ್ಮೆ ಕೆಳಗಿಳಿಯಬೇಕಿತ್ತು. ಯಾರಾದರೂ ಒಬ್ಬರು ಅದನ್ನು ಅವರಿಗೆ ಹೇಳಬೇಕಿತ್ತು.

ರಾಣೆಬೆನ್ನೂರಿಗೆ ಹಿಂದಿರುಗಿ, ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಾಗ ಸಂಜೆಯ ದೀಪ ಹಚ್ಚುವ ಹೊತ್ತು. ಎದುರು ಮನೆಯವರು ತಮ್ಮ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ಅವರ ಯಜಮಾನರಿಗೆ ಬೀಜದ ಕಂಪನಿಯಲ್ಲಿ ಕೆಲಸ, ಆಗಾಗ ಮನೆಮಂದಿಯೆಲ್ಲ ವಿಮಾನದಲ್ಲಿ ಓಡಾಡುವವರು. ಎಷ್ಟು ಹೊತ್ತಿಗೆ ಮಣ್ಣಾಯಿತು, ಯಾರು ಯಾರು ಬಂದಿದ್ದರು ಎಂದೆಲ್ಲ ಕೇಳಿದರು. ಹೇಳಿದೆ. ಒಳಗೆ ಹೋಗುವವರು ಏನೋ ನೆನಪಾಗಿ, ಖಾಲಿ ಬಕೀಟು ಹಿಡಿದು ತಿರುಗಿ ನಿಂತರು.

"ಅಲ್ರಿ, ಆ ವಿಮಾನ ನಿಲ್ದಾಣದಾಗ ಇದ್ದದ್ದು ಅಕ್ಕಾರ ಕೌದಿ ಅಲ್ರೀ? ಹೋದ ಮಾನವಮಿ ಸೂಟಿಯೊಳಗ ನಾವು ಹೋದಾಗ ಅದನ್ನ ಇಳಿಸಿ ಕುರ್ಚಿ ಮ್ಯಾಲ ಇಟ್ಟಿದ್ರುರಿ, ಗಾಜು ಗೀಜು ಏನೂ ಇರಲಿಲ್ಲ, ಗ್ವಾಡಿಗೆ ಟಿ.ವಿ. ಕುಂದ್ರಸಾಕತ್ತಿದ್ರು. ನಮ್ಮ ಅತ್ತಿಯವ್ರು ಥಂಡಿ ಅಂತ ವಿಮಾನ ಬರೂತನಕ ಅದನ್ನ ಹೊಚಗೊಂಡ ಕುಂತಿದ್ರು. ಬಂದ ಮ್ಯಾಲ ಅಕ್ಕಾರಿಗೆ ಹೇಳಬೇಕಂದ್ಕೊಂಡೆ, ಮರತ ಹೋತು ನೋಡ್ರಿ."